ಅಂಗಾಲಿನಿಂದ ಕೇಳುತ್ತಿದ್ದ ಮೇಸ್ತ್ರಿ

ಕಳೆದ ತಿಂಗಳು ನಮ್ಮ ತಾಳವಾಡಿಯ ಮೇಸ್ತ್ರಿ ತಮ್ಮ ಪಟ್ಟರೆಗೆ ಬೀಗ ಹಾಕಿದರು. ಗಾಡಿ ರಿಪೇರಿ ಮಾಡುವ ಶೆಡ್ಡಿಗೆ ನಮ್ಮ ಕಡೆ ತಮಿಳಿನವರಂತೆ ಪಟ್ಟರೆ ಎನ್ನುವುದೇ ವಾಡಿಕೆ. ಮೂರು ಕಡೆ ತಗಡು, ಮುಂದೆ ಬಟಾಬಯಲು. ಅವರು ಕೆಲಸ ಮಾಡಿದಷ್ಟು ವರ್ಷವೂ ಅದಕ್ಕೊಂದು ಬಾಗಿಲು ಅಂತ ಇರಲಿಲ್ಲ. ಹಾಗಾಗಿ ಬೀಗ ಹಾಕುವುದಕ್ಕೆಂದೇ ಮೊದಲು ಒಂದು ಬಾಗಿಲು ಮಾಡಿಸಬೇಕಾಯಿತು. ಕಣ್ಣು ಮಂಜಾಗಿದೆ, ಕೊಳ್ಳೇಗಾಲದ ಕಡೆ ಮಗಳ ಮನೆಯಲ್ಲಿ ಮೊಮ್ಮಕ್ಕಳಿಗೆ ಸೈಕಲ್ ಕಲಿಸಿಕೊಂಡು ಇರುತ್ತೇನೆ ಎಂದರು. ಅಷ್ಟೇ ಅವರ ನಿವೃತ್ತಿ ಸಮಾರಂಭ. ಶಾಲು, ಹಾರ, ಭಾಷಣ ಒಂದೂ ಇಲ್ಲ. ನನಗೋ ಮೈಯೆಲ್ಲ ಉರಿದುಹೋಯಿತು. ಈ ಊರಿನಲ್ಲಿ ಯಾರು ಯಾರಿಗೋ ಶಾಲು ಹೊದಿಸುತ್ತಾರೆ, ಅರ್ಧ ಬೆಟ್ಟದ ಟ್ರ್ಯಾಕ್ಟರುಗಳನ್ನು ನಡೆಸಿದ ಮನುಷ್ಯನಿಗೆ ಒಂದು ಟವೆಲ್ಲಿಗೂ ಗತಿಯಿಲ್ಲವೇ ಎಂದು ಬಸ್‌ಸ್ಟ್ಯಾಂಡಿನಲ್ಲೇ ನಿಂತು ಕೂಗಾಡಿದೆ. ಸಿಟ್ಟು ನನಗೆ ಮೊದಲಿನಿಂದಲೂ ಮೂಗಿನ ತುದಿಯಲ್ಲೇ. ಕೂಗಾಡಿ ಮನೆಗೆ ಬಂದ ಮೇಲೆ, ಶಾಲು ಹೊದಿಸುವುದು ನನ್ನ ಕೈಲಾಗದಿದ್ದರೆ ನಾಲ್ಕು ಮಾತಾದರೂ ಬರೆಯೋಣ ಅನ್ನಿಸಿತು.

ನಾನು ಜೀರಹಳ್ಳಿ ಆಚೆಯ ಒಂದು ಸಣ್ಣ ಶಾಲೆಯಲ್ಲಿ ಕನ್ನಡ ಟೀಚರು. ನನ್ನ ಕೆಲಸ ಉಳಿದದ್ದು ಈ ಮೇಸ್ತ್ರಿಯಿಂದ. ಸುತ್ತಿಬಳಸಿ ಹೇಳುವುದು ನನಗೆ ಬರುವುದಿಲ್ಲ, ಅದಕ್ಕೇ ಮೊದಲೇ ಹೇಳಿಬಿಟ್ಟೆ.

ಅವರ ಹೆಸರು ಬರೆದರೆ ಊರಿನಲ್ಲೇ ಅರ್ಧ ಜನಕ್ಕೆ ಯಾರೆಂದು ತಿಳಿಯದು. ಎಲ್ಲರಿಗೂ ಅವರು ಮೇಸ್ತ್ರಿ. ಕುಳ್ಳಗೆ, ಒಣಗಿದ ಕಟ್ಟಿಗೆಯ ಹಾಗೆ ಗಟ್ಟಿ ಮೈ. ಖಾಕಿ ಚಡ್ಡಿ, ಮೇಲೊಂದು ಅಂಗಿ. ಅಂಗಿಯ ಎಡಜೇಬಿನಲ್ಲಿ ಮಾತ್ರ ಯಾವಾಗಲೂ ಹಾಲಿನಂಥ ಬಿಳಿ ಬಟ್ಟೆಯ ತುಂಡುಗಳು. ಹಳೆಯ ಪಂಚೆಯನ್ನು ಅಂಗೈ ಅಗಲಕ್ಕೆ ಚೌಕ ಚೌಕವಾಗಿ ಹರಿದು, ಒಗೆದು, ಮಡಿಸಿ ಇಟ್ಟುಕೊಂಡಿರುತ್ತಿದ್ದರು. ಕೈ ಒರೆಸಲಿಕ್ಕಲ್ಲ. ಕೈ ಒರೆಸಲು ಚಡ್ಡಿಯೇ ಸಾಕಾಗಿತ್ತು. ಯಾವ ಗಾಡಿ ಬಂದರೂ ಅದರ ಎಣ್ಣೆಯನ್ನು ಒಂದು ತೊಟ್ಟು ಆ ಬಿಳಿ ಬಟ್ಟೆಯ ಮೇಲೆ ಬಿಟ್ಟು, ಬಿಸಿಲಿಗೆ ಹಿಡಿದು, ಮೂಸಿ ನೋಡುವರು. ಬಣ್ಣದ ಬಟ್ಟೆಯ ಮೇಲೆ ಎಣ್ಣೆ ತನ್ನ ಬಣ್ಣ ಬಚ್ಚಿಟ್ಟುಕೊಳ್ಳುತ್ತದೆ ಎನ್ನುವುದು ಅವರ ಲೆಕ್ಕ.

ಇನ್ನೊಂದು ಅಭ್ಯಾಸವಿತ್ತು. ಗಾಡಿ ಹತ್ತಿದ ಕೂಡಲೇ ಎರಡೂ ಚಪ್ಪಲಿ ಬಿಟ್ಟು ಅಂಗಾಲನ್ನು ನೆಲದ ತಗಡಿಗೆ ಊರಿ ಕೂರುತ್ತಿದ್ದರು. ಕಣ್ಣು ಮುಚ್ಚಿರುತ್ತಿತ್ತು. ಕಿವಿಗೆ ಗಾಳಿಯ ಸದ್ದು, ಹಾರನ್ನು, ಪಕ್ಕದವರ ಮಾತು ಎಲ್ಲ ಬಂದು ಬೀಳುತ್ತವೆ, ಅಂಗಾಲಿಗೆ ಗಾಡಿಯದಷ್ಟೇ ಬರುತ್ತದೆ ಎನ್ನುತ್ತಿದ್ದರು. ಟ್ರ್ಯಾಕ್ಟರಿನ ಮಡ್‌ಗಾರ್ಡ್ ಮೇಲೆ ಬರಿಗಾಲಲ್ಲಿ ನಿಂತು, ಹೊಲದ ಮೂರು ಸುತ್ತು ಸುಮ್ಮನೆ ಹೋಗಿಬಂದು, ಇಳಿದು ಒಂದೇ ನಟ್ಟು ಬಿಗಿ ಮಾಡಿ ಕಳಿಸಿದ್ದನ್ನು ನಾನೇ ನೋಡಿದ್ದೇನೆ. ಸರಿಹೋಯಿತು ಎಂದು ಬಾಯಿಬಿಟ್ಟು ಹೇಳಿದ್ದನ್ನು ಮಾತ್ರ ಕೇಳಿಲ್ಲ. ಅವರು ಚಪ್ಪಲಿ ಮೆಟ್ಟಿಕೊಂಡರೆ ಕೆಲಸ ಮುಗಿಯಿತು ಎಂದು ಊರವರೇ ತಿಳಿದುಕೊಳ್ಳುತ್ತಿದ್ದರು.

ಬಂದವರು ಬಂದ ಕೂಡಲೇ "ಕ್ಲಚ್ ಪ್ಲೇಟ್ ಹೋಗಿದೆ ಮೇಸ್ತ್ರಿ" ಎಂದರೆ ಮುಗಿಯಿತು. ಎಲ್ಲ ಗೊತ್ತಿದ್ದ ಮೇಲೆ ಅಂಗಡಿಗೆ ಹೋಗಿ ಪ್ಲೇಟು ತಗೊಳ್ಳಿ, ನನ್ನ ಹತ್ತಿರ ಏಕೆ ಬಂದಿರಿ ಎಂದು ಬೆನ್ನು ತಿರುಗಿಸಿಬಿಡುವರು. ಒಮ್ಮೆ ಹಾಸನೂರಿನಿಂದ ಜೀಪು ತಂದ ಒಬ್ಬರು ಹೀಗೆ ಬೈಸಿಕೊಂಡು, ಟೀ ಕುಡಿದು ಬಂದು, ಹೊಸದಾಗಿ ಬಂದವರ ಹಾಗೆ ನಮಸ್ಕಾರ ಹಾಕಿ ಮೊದಲಿನಿಂದ ಶುರು ಮಾಡಿದ್ದರು.

ಇನ್ನು ನನ್ನ ಕಥೆ. ಎಂಟು ವರ್ಷದ ಹಿಂದೆ ಬೈಕಿನಿಂದ ಬಿದ್ದು ನನ್ನ ಎಡಮಂಡಿ ಚೂರಾಯಿತು. ಕಾಲು ಉಳಿಯಿತು, ಆದರೆ ಮಡಚುವುದಿಲ್ಲ. ನಿಂತರೆ ಯಾರಿಗೂ ಗೊತ್ತಾಗದು. ಬಸ್ಸಿನ ಮೊದಲ ಮೆಟ್ಟಿಲು ಹತ್ತಬೇಕೆಂದರೆ ಮಾತ್ರ ಊರೆಲ್ಲ ನೋಡುವಂತಾಗುತ್ತದೆ. ಮೇಲಿಂದ ಒಬ್ಬರು ಎಳೆಯಬೇಕು, ಕೆಳಗಿಂದ ಒಬ್ಬರು ನೂಕಬೇಕು. ಒಂದು ವರ್ಷ ಹಾಗೇ ಮೂಟೆಯಂತೆ ಹೋಗಿಬಂದೆ. ಆಮೇಲೆ ರೋಸಿಹೋಗಿ ಒಂದು ಹಳೆಯ ಕಾರು ತಗೊಂಡೆ. ಅದು ಆಟೋಮ್ಯಾಟಿಕ್. ಕ್ಲಚ್ ಇಲ್ಲ, ಗೇರು ತಾನೇ ಬದಲಾಗುತ್ತದೆ, ಓಡಿಸಲು ಬಲಗಾಲೊಂದೇ ಸಾಕು. ಹದಿನಾಲ್ಕು ವರ್ಷ ಹಳೆಯದು, ನಾನು ಮೂರನೆಯ ಯಜಮಾನಿ. ಬಣ್ಣ ಅಲ್ಲಲ್ಲಿ ಉದುರಿತ್ತು, ಹಿಂದಿನ ಒಂದು ಕಿಟಕಿ ಇಳಿಯುತ್ತಿರಲಿಲ್ಲ. ಆದರೂ ಮೊದಲ ದಿನ ಯಾರ ಕೈಯನ್ನೂ ಹಿಡಿಯದೆ ಶಾಲೆಯ ಬಾಗಿಲಲ್ಲಿ ಇಳಿದಾಗ ಅತ್ತುಬಿಟ್ಟೆ. ಆ ಕಾರೇ ನನ್ನ ಎಡಗಾಲು ಎಂದುಕೊಂಡೆ.

ಎರಡು ವರ್ಷ ಚೆನ್ನಾಗಿ ಓಡಿತು. ಮೂರನೆಯ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಏರಿನಲ್ಲಿ ಕೈಬಿಡಲು ಶುರು ಮಾಡಿತು. ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಮಾತ್ರ ಬೊಬ್ಬೆ ಹೊಡೆಯುತ್ತದೆ, ಗಾಡಿ ಮುಂದಕ್ಕೆ ಹೋಗುವುದಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಒಮ್ಮೆಲೇ ಹಿಡಿದುಕೊಂಡು ಜಗ್ಗುತ್ತದೆ. ಬೆಳಿಗ್ಗೆ ಹೊರಡುವಾಗ ಗೇರಿನ ಲಿವರನ್ನು ಮುಂದಕ್ಕೆ ಓಡುವ ‘ಡಿ’ಗೆ ಹಾಕಿದರೆ, ಕರೆದರೂ ಓಗೊಡದ ಹಿಂದಿನ ಬೆಂಚಿನ ಹುಡುಗರ ಹಾಗೆ ಸುಮ್ಮನೆ ನಿಂತಿರುತ್ತದೆ. ಕೆಳಗಿನ ಊರಿನ ಎರಡು ದೊಡ್ಡ ಗ್ಯಾರೇಜುಗಳಿಗೆ ತೋರಿಸಿದೆ. ಇಬ್ಬರೂ ಬಾನೆಟ್ ಎತ್ತಿ, ಇಳಿಸಿ, ಗೇರ್‌ಬಾಕ್ಸ್ ಸತ್ತಿದೆ ಎಂದರು. ಹೊಸದು ಹಾಕಿಸುವುದಕ್ಕಿಂತ ಗುಜರಿಗೆ ಕೊಡುವುದು ವಾಸಿ ಎಂದ ಒಬ್ಬ ನನ್ನ ಕಾಲನ್ನೂ ಒಂದು ಸಲ ನೋಡಿದ. ಆ ನೋಟ ಇವತ್ತಿಗೂ ಚುಚ್ಚುತ್ತದೆ.

ಶಾಲೆಗೆ ತಡವಾಗಿ ಹೋಗುವುದು ಹೆಚ್ಚಾಯಿತು. ನಮ್ಮ ಹೆಡ್‌ಮಾಸ್ಟರು ಒಳ್ಳೆಯವರು, ಆದರೆ ಹಾಜರಿ ಪುಸ್ತಕ ಮೇಲಿನವರ ಕಣ್ಣಿಗೂ ಬೀಳುತ್ತದಲ್ಲ. ವರ್ಗಾವಣೆ ಕೇಳೋಣ ಎಂದರೆ ಎಲ್ಲಿಗೆ ಕೇಳುವುದು? ತಮಿಳು ಸೀಮೆಗೆ ಸೇರಿದ ನಮ್ಮ ಜಿಲ್ಲೆಯಲ್ಲಿ ಬೆಟ್ಟ ಇಳಿದರೆ ಕನ್ನಡ ಶಾಲೆಯೇ ಇಲ್ಲ. ಇಲ್ಲಿ ಕಲಿಸಬೇಕು, ಇಲ್ಲವೇ ಕೆಲಸ ಬಿಟ್ಟು ಮನೆಯಲ್ಲಿ ಕೂರಬೇಕು.

ಹೀಗೆ ಎಲ್ಲ ಬಾಗಿಲೂ ಮುಚ್ಚಿದ ಮೇಲೆ ಬಾಗಿಲೇ ಇಲ್ಲದ ಪಟ್ಟರೆಗೆ ಹೋದೆ. ಹೋದವಳೇ "ಗೇರ್‌ಬಾಕ್ಸ್ ಸತ್ತಿದೆಯಂತೆ" ಎಂದೆ. ಬೆನ್ನು ತಿರುಗಿಸುತ್ತಾರೆ ಎಂದುಕೊಂಡರೆ, ನನ್ನ ಕಾಲಿನ ಮೇಲೆ ಕರುಣೆಯೋ ಏನೋ, ಒಂದು ಸ್ಟೂಲು ಎಳೆದು ಕೂರಿಸಿದರು.

"ರೋಗದ ಎಸ್ರು ನನ್ಗ ಬುಡಿ ಟೀಚರಮ್ಮ. ನೋವು ಎಲ್ಲದ, ಯಾವಾಗ ಬತ್ತದ, ಅದ್ನ ಮಾತ್ರ ಏಳಿ" ಎಂದರು.

ಹೇಳಿದೆ. ಅವರಿಗೆ ಸಾಲಲಿಲ್ಲ. ತಣ್ಣಗಿರುವಾಗಲೋ ಬಿಸಿಯಾದ ಮೇಲೋ? ನೇರ ಏರಲ್ಲೋ ತಿರುವಿನಲ್ಲೋ? ಹಿಂದಕ್ಕೆ ತೆಗೆಯುವಾಗ ಹೇಗೆ? ನನಗೊಂದೂ ತಿಳಿದಿರಲಿಲ್ಲ. ನಾಲ್ಕು ದಿನ ಒಂದು ಪುಸ್ತಕದಲ್ಲಿ ಬರೆದುಕೊಂಡು ಬನ್ನಿ ಎಂದರು. ಮಕ್ಕಳಿಗೆ ಹೋಂವರ್ಕ್ ಕೊಡುವವಳಿಗೆ ಹೋಂವರ್ಕ್! ಬರೆದುಕೊಂಡು ಹೋದೆ. ಬರೆಯುತ್ತಾ ನನಗೇ ಒಂದು ವಿಷಯ ಕಂಡಿತು. ಗಾಡಿ ಎಲ್ಲ ಏರಿನಲ್ಲೂ ಕೈಬಿಡುತ್ತಿರಲಿಲ್ಲ. ಏರಿನ ಜೊತೆ ತಿರುವೂ ಇದ್ದರೆ, ಅದರಲ್ಲೂ ಎಡಕ್ಕೆ ತಿರುಗುವಾಗ ಹೆಚ್ಚು. ಮೇಸ್ತ್ರಿ ಅದನ್ನು ಎರಡು ಸಲ ಓದಿಸಿ ಕೇಳಿದರು. ಆಮೇಲೆ ಪ್ರಾಮಾಣಿಕವಾಗಿ ಹೇಳಿದರು, ಇಂಥ ಗಾಡಿಗೆ ನಾನು ಇದುವರೆಗೆ ಕೈ ಹಾಕಿಲ್ಲ, ಕೆಟ್ಟರೆ ಕೆಡುವುದು ನಿಮ್ಮ ಗಾಡಿ, ಯೋಚನೆ ಮಾಡಿ ಎಂದು. ಸತ್ತದ್ದನ್ನು ಇನ್ನೇನು ಕೆಡಿಸುತ್ತೀರಿ ಎಂದೆ ನಾನು.

ಗೇರ್‌ಬಾಕ್ಸಿನ ಎಣ್ಣೆ ಅಳೆಯುವ ಕಡ್ಡಿಯನ್ನು ಎಳೆದು, ಜೇಬಿನಿಂದ ಬಿಳಿ ಚೌಕ ತೆಗೆದು ತೊಟ್ಟು ಬಿಟ್ಟರು. ಬಿಸಿಲಿಗೆ ಹಿಡಿದರು, ಮೂಸಿದರು, ನನ್ನ ಮೂಗಿಗೂ ಹಿಡಿದರು. ಈ ಎಣ್ಣೆ ಕೆಂಪಗಿರುತ್ತದೆ, ಒಳಗೆ ಸುಟ್ಟಿದ್ದರೆ ಕಂದು ಬಣ್ಣಕ್ಕೆ ತಿರುಗಿ ಸೀದ ವಾಸನೆ ಹೊಡೆಯುತ್ತದೆ. ಇದು ಕೆಂಪಗೇ ಇತ್ತು.

"ಸುಟ್ಟಿಲ್ಲ ಕಣಮ್ಮ. ಇನ್ನೂ ಬದ್ಕದ" ಎಂದರು.

ಎರಡು ತಿಂಗಳಲ್ಲಿ ನನ್ನ ಕಾರಿನ ಬಗ್ಗೆ ನಾನು ಕೇಳಿದ ಮೊದಲ ಒಳ್ಳೆಯ ಮಾತು ಅದು. ಅಲ್ಲಿಯೇ ಅವರು ಎಡವಿದ್ದೂ ಕೂಡ. ಟ್ರ್ಯಾಕ್ಟರು, ಜೀಪು, ಲಾರಿ ಎಲ್ಲದರಲ್ಲೂ ಎಂಜಿನ್ ಆಫ್ ಮಾಡಿ, ತಣ್ಣಗಾದ ಮೇಲೆ ಎಣ್ಣೆ ಅಳೆದು ಅಳೆದು ಅವರ ಕೈಗೆ ಅದೇ ರೂಢಿ. ಇದನ್ನೂ ಹಾಗೇ ಅಳೆದರು. ಕಡ್ಡಿಯಲ್ಲಿ ಎಣ್ಣೆ ಗೀಟಿಗಿಂತ ಎರಡು ಬೆರಳು ಮೇಲಿತ್ತು. ಎಣ್ಣೆ ಹೆಚ್ಚಾದರೂ ನೊರೆಯಾಗಿ ಹಿಡಿತ ತಪ್ಪುತ್ತದೆ ಎಂದು ಒಂದು ಲೀಟರು ಇಳಿಸಿಬಿಟ್ಟರು.

ಮಾರನೆಯ ಬೆಳಿಗ್ಗೆ ಜೀರಹಳ್ಳಿಯ ಏರಿನಲ್ಲಿ ಗಾಡಿ ನಿಂತೇಹೋಯಿತು. ನಿಂತದ್ದು ಮಾತ್ರವಲ್ಲ, ಹಿಂದಕ್ಕೂ ಜಾರಿತು. ನನ್ನ ಶಾಲೆಯ ಮಕ್ಕಳೇ ಚೀಲ ಕೆಳಗಿಟ್ಟು ಓಡಿಬಂದು ಗಾಲಿಗೆ ಕಲ್ಲು ಕೊಟ್ಟರು. ನನ್ನ ಟೀಚರ್‌ಗಿರಿಯ ಮಾನ ಆ ಕಲ್ಲಿನ ಮೇಲೆ ನಿಂತಿತ್ತು. ಸುದ್ದಿ ಮುಟ್ಟಿ ಮೇಸ್ತ್ರಿ ಯಾರದೋ ಬೈಕಿನಲ್ಲಿ ಬಂದರು. ಆಗಲೇ ಹತ್ತು ಜನ ಸೇರಿದ್ದರು. ಹಳೇ ಗಾಡಿ ತಗೊಂಡ ಟೀಚರಮ್ಮನದೇ ತಪ್ಪು ಎಂದು ಒಬ್ಬ, ಗೇರಿಲ್ಲದ ಗಾಡಿ ಬೆಟ್ಟಕ್ಕೆ ಆಗಿಬರುವುದಿಲ್ಲ ಎಂದು ಇನ್ನೊಬ್ಬ. ಮೇಸ್ತ್ರಿ ಬೈಕಿನಿಂದ ಇಳಿದವರೇ ಅಷ್ಟು ಜನರ ಮುಂದೆ ಹೇಳಿದರು:

"ಗಾಡೀದು ತಪ್ಪಿಲ್ಲ, ಟೀಚರಮ್ಮಂದೂ ತಪ್ಪಿಲ್ಲ. ನೆನ್ನ ಗಂಟ ಏರು ಅತ್ತಿದ್ದ ಗಾಡಿ ಇವತ್ತು ಅತ್ನಿಲ್ಲ ಅಂದ್ರ, ನಡ್ವ ಕೈ ಆಕ್ದವ್ನು ನಾನು. ತಪ್ಪು ನಂದು."

ಕಲಿಸುವ ವೃತ್ತಿಯಲ್ಲಿ ಇಷ್ಟು ವರ್ಷ ಕಳೆದಿದ್ದೇನೆ. ಬೋರ್ಡಿನ ಮೇಲೆ ತಪ್ಪು ಬರೆದಾಗ ಮಕ್ಕಳು ತೋರಿಸಿದರೆ ಕೈಯಿಂದ ಮೆಲ್ಲಗೆ ಅಳಿಸಿ ಮುಂದಕ್ಕೆ ಹೋಗುವ ಜಾತಿ ನಮ್ಮದು. ಆ ದಿನ ಆ ರಸ್ತೆಯಲ್ಲಿ ನಾನೇ ಅವರ ವಿದ್ಯಾರ್ಥಿಯಾದೆ. ಆದರೆ ಗೌರವದಿಂದ ಗಾಡಿ ಹತ್ತುವುದಿಲ್ಲವಲ್ಲ. ಮನೆಗೆ ಬಂದು ಸ್ವಯಂ ನಿವೃತ್ತಿಗೆ ಅರ್ಜಿ ಬರೆದೆ. ಅರ್ಜಿಗೆ ನಮ್ಮ ಕಡೆ ಮನು ಎನ್ನುತ್ತಾರೆ. ಒಳ್ಳೆಯ ಬಿಳಿ ಹಾಳೆಯ ಮೇಲೆ, ಆಫೀಸಿನ ತಮಿಳಿನಲ್ಲಿ, ಅಂಚು ಬಿಟ್ಟು ದುಂಡಗೆ ಬರೆದೆ. ಹೆಡ್‌ಮಾಸ್ಟರಿಗೂ ಹೇಳಿದೆ. ಅವರು ತಲೆ ತಗ್ಗಿಸಿ, ಮುಂದಿನ ಸೋಮವಾರದೊಳಗೆ ಇರುತ್ತೀರೋ ಹೋಗುತ್ತೀರೋ ಒಂದು ತೀರ್ಮಾನ ಹೇಳಿ, ನಾನು ಮೇಲಕ್ಕೆ ಉತ್ತರ ಕೊಡಬೇಕು ಎಂದರು.

ಮೇಸ್ತ್ರಿ ಅದೇ ಸಂಜೆ ಮನೆಗೆ ಬಂದರು. ಈ ಗಾಡಿಯ ಜೊತೆ ಏನಾದರೂ ಪುಸ್ತಕ ಬಂದಿತ್ತೇ ಎಂದು ಕೇಳಿದರು. ಬಂದಿತ್ತು. ಡ್ಯಾಶ್‌ಬೋರ್ಡಿನ ಗೂಡಿನಲ್ಲಿ, ಇನ್ಶೂರೆನ್ಸ್ ಕಾಗದದ ಕೆಳಗೆ, ಎರಡು ವರ್ಷದಿಂದ ನಾನು ಒಂದು ಪುಟವನ್ನೂ ತಿರುವಿರಲಿಲ್ಲ. ಮಕ್ಕಳಿಗೆ ಪುಸ್ತಕ ಓದಿ ಎಂದು ಬಾಯಿ ಬಡಿದುಕೊಳ್ಳುವ ಟೀಚರಮ್ಮನ ಬಂಡವಾಳ ಇಷ್ಟು. ಅದು ಇಂಗ್ಲಿಷಿನಲ್ಲಿತ್ತು. ನಾನು ಓದಿ ಕನ್ನಡದಲ್ಲಿ ಹೇಳುತ್ತಾ ಹೋದೆ, ಅವರು ಜಗಲಿಯಲ್ಲಿ ಕುಳಿತು ಕೇಳಿದರು. ಈ ಗಾಡಿಯಲ್ಲಿ ಎಣ್ಣೆ ಅಳೆಯುವ ಮೊದಲು ಸಾಕಷ್ಟು ದೂರ ಓಡಿಸಿ ಬಿಸಿ ಮಾಡಬೇಕು. ಎಂಜಿನ್ ಆಫ್ ಮಾಡಬಾರದು. ಲಿವರನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನಿಧಾನವಾಗಿ ಸರಿಸಿ ವಾಪಸು ತರಬೇಕು. ಗಾಡಿ ಸಮತಟ್ಟಾದ ನೆಲದ ಮೇಲೆ ನಿಂತಿರಬೇಕು.

ಎಂಜಿನ್ ನಿಂತಾಗ ಒಳಗಿನ ಎಣ್ಣೆಯೆಲ್ಲ ಕೆಳಕ್ಕೆ ಇಳಿದು ಕಡ್ಡಿಯಲ್ಲಿ ಹೆಚ್ಚು ತೋರಿಸುತ್ತದೆ ಎಂದು ಅವರಿಗೆ ತಕ್ಷಣ ಹೊಳೆಯಿತು. ಇಳಿಜಾರಿನ ಪಟ್ಟರೆಯಲ್ಲಿ ಅದು ಇನ್ನಷ್ಟು ಸುಳ್ಳು ಹೇಳಿತ್ತು. ಎಣ್ಣೆ ಹೆಚ್ಚಾಗಿರಲೇ ಇಲ್ಲ, ಮೊದಲಿನಿಂದಲೂ ಕಡಿಮೆ ಇತ್ತು. ಕಡಿಮೆ ಇದ್ದ ಎಣ್ಣೆ ಏರಿನ ತಿರುವಿನಲ್ಲಿ ಒಂದು ಕಡೆಗೆ ವಾಲಿ, ಒಳಗಿನ ಪಂಪು ಹೀರುವ ಬಾಯಿಗೆ ಸಿಗದೆ ಗಾಡಿ ಕೈಬಿಡುತ್ತಿತ್ತು. ನನ್ನ ಹೋಂವರ್ಕಿನ ಎಡತಿರುವಿಗೆ ಅರ್ಥ ಸಿಕ್ಕಿತು. ಮೇಸ್ತ್ರಿ ತಲೆ ಚಚ್ಚಿಕೊಳ್ಳಲಿಲ್ಲ, ಕುಣಿದಾಡಲೂ ಇಲ್ಲ. ಸಮತಟ್ಟು ಎಂದು ಬರೆದಿರುವ ಸಾಲನ್ನು ಇನ್ನೊಮ್ಮೆ ಓದಲು ಹೇಳಿದರು.

ಬೆಟ್ಟದ ಸೀಮೆಯಲ್ಲಿ ಸಮತಟ್ಟು ನೆಲ ಎಲ್ಲಿಂದ ತರುವುದು? ಮಾರನೆಯ ದಿನ ಮೇಸ್ತ್ರಿ ಅಗಲವಾದ ಒಂದು ಊಟದ ಗಂಗಳದ ತುಂಬ ನೀರು ಹಿಡಿದುಕೊಂಡು ಊರು ಸುತ್ತಿದರು. ಎಲ್ಲಿ ಇಟ್ಟರೂ ನೀರು ಒಂದು ಅಂಚಿಗೆ ಹೋಗುತ್ತಿತ್ತು. ಬಸ್‌ಸ್ಟ್ಯಾಂಡಿನಲ್ಲಿ, ಗುಡಿಯ ಮುಂದೆ, ನಮ್ಮ ಶಾಲೆಯ ಆಟದ ಬಯಲಿನಲ್ಲೂ ಅಷ್ಟೇ. ಮೇಸ್ತ್ರಿ ಊರಿಗೇ ದೃಷ್ಟಿ ತೆಗೆಯುತ್ತಿದ್ದಾರೆ ಎಂದು ಜನ ಆಡಿಕೊಂಡು ನಕ್ಕರು. ಕೊನೆಗೆ ಅವರು ನನ್ನ ಹತ್ತಿರ ಬಂದು, ಒಂದು ಜಾಗ ಇದೆ, ಕೇಳಬೇಕು ಎಂದರು.

ಅದು ಊರಾಚೆಯ ಒಬ್ಬ ಯಜಮಾನರ ರಾಗಿ ಕಣ. ಈಗ ಎಲ್ಲರೂ ರಾಗಿಯನ್ನು ಮಿಷನ್ನಿಗೆ ಕೊಡುತ್ತಾರೆ, ಇಲ್ಲವೇ ರಸ್ತೆಗೆ ಹಾಸುತ್ತಾರೆ. ಆ ಯಜಮಾನರು ಮಾತ್ರ ಶಿವಪೂಜೆಯಷ್ಟೇ ನಿಯಮದಿಂದ ಪ್ರತಿ ಸುಗ್ಗಿಗೂ ಕಣ ಮಾಡಿಸುತ್ತಾರೆ. ಸಗಣಿ ಸಾರಿಸಿದ ಮೇಲೆ ಯಾರೂ ಅದರ ಮೇಲೆ ಚಪ್ಪಲಿ ಮೆಟ್ಟಿ ನಡೆಯುವ ಹಾಗಿಲ್ಲ. ಮೇಸ್ತ್ರಿಯ ತಂದೆ ಆ ಮನೆಯಲ್ಲಿ ಕೂಲಿಗಿದ್ದವರು. ವರ್ಷ ವರ್ಷವೂ ಆ ಕಣದಲ್ಲಿ ದುಡಿದು, ಯಜಮಾನರ ಮುಂದೆ "ಬುದ್ಧೀ" ಎಂದು ಕೈಕಟ್ಟಿ ನಿಂತವರು. ಇನ್ನು ಆ ಮನೆ ಬಾಗಿಲಿಗೆ ಹೋಗಿ ಏನನ್ನೂ ಕೇಳುವುದಿಲ್ಲ ಎಂದು ಹರೆಯದಲ್ಲಿ ಮೇಸ್ತ್ರಿ ಸ್ಪ್ಯಾನರ್ ಹಿಡಿದದ್ದಂತೆ. ಇದನ್ನು ಅವರು ನನಗೆ ಹೇಳಿದ್ದಲ್ಲ, ನನ್ನಮ್ಮ ಹೇಳಿದ್ದು. ಬೇಡ ಮೇಸ್ತ್ರಿ, ಬೇರೆ ಎಲ್ಲಾದರೂ ನೋಡೋಣ ಎಂದೆ. ಅವರು ಆಗಲೇ ಕಾರಿನೊಳಗೆ ಕೂತು ಚಪ್ಪಲಿ ಬಿಟ್ಟಿದ್ದರು.

ಸುಗ್ಗಿ ಹತ್ತಿರವಿತ್ತು. ಕಣ ಆಗಲೇ ಸಾರಿಸಿ ಒಣಗಿ ಹಸಿರುಗಪ್ಪಾಗಿತ್ತು. ಬದುವಿನ ಮೇಲೆ ಕುಳಿತಿದ್ದ ಯಜಮಾನರು ವಿಷಯ ಕೇಳಿ ಹುಬ್ಬು ಏರಿಸಿದರು.

"ಏನ್ಲಾ, ನಿಮ್ಮಪ್ಪ ದುಡ್ದ ಕಣನ ನೀನು ಕಾರಲ್ಲಿ ತುಳೀಬೇಕಾ?"

ನನಗೆ ಸಿಟ್ಟು ನೆತ್ತಿಗೇರಿತು. ಬಾಯಿ ತೆರೆಯುವಷ್ಟರಲ್ಲಿ ಮೇಸ್ತ್ರಿ ತಣ್ಣಗೆ ಹೇಳಿದರು:

"ತುಳಿಯಾಕಲ್ಲ ಯಜಮಾನ್ರೇ, ನಿಲ್ಸಾಕ. ಊರೆಲ್ಲ ನೀರು ಇಟ್ಟು ನೋಡ್ದಿ, ಎಲ್ಲೂ ಸಮ ಇಲ್ಲ. ಈ ಕಣನ ಸಮ ಮಾಡ್ದವ್ನು ನಮ್ಮಪ್ಪ. ಅದ್ಕ ನನ್ಗ ನಂಬ್ಕ ಅದ."

ಬುದ್ಧೀ ಎನ್ನಲಿಲ್ಲ, ಕೈಕಟ್ಟಲಿಲ್ಲ, ದನಿಯನ್ನೂ ಏರಿಸಲಿಲ್ಲ. ಯಜಮಾನರು ಕಣದ ಈ ತುದಿಯಿಂದ ಆ ತುದಿಗೆ ಕಣ್ಣಾಡಿಸಿದರು. ಅವರ ಮೊಮ್ಮಗಳು ನನ್ನ ಐದನೇ ಕ್ಲಾಸಿನವಳು, ಅವಳು ಕಣದ ಪಕ್ಕದ ಮನೆಯ ಬಾಗಿಲ ಸಂದಿಯಿಂದ ನನ್ನನ್ನೇ ನೋಡುತ್ತಿದ್ದಳು. ಕೊನೆಗೆ ಅವರು ಎದ್ದು ಹೋಗಿ ಪಂಪ್‌ಸೆಟ್ಟಿನ ಸ್ವಿಚ್ ಒತ್ತಿ ಬಂದರು. "ಗಾಲಿ ತೊಳ್ಕ ಬಾ" ಎಂದರು, ಅಷ್ಟೇ.

ಮೇಸ್ತ್ರಿ ನಾಲ್ಕೂ ಗಾಲಿಗಳನ್ನು ಕೊಬ್ಬರಿ ನಾರು ಹಾಕಿ ತಿಕ್ಕಿ ತೊಳೆದರು. ನಾನು ಗಾಡಿಯನ್ನು ಆಮೆಯಂತೆ ಕಣದ ಮೇಲೆ ತಂದು ನಿಲ್ಲಿಸಿದೆ. ಗಂಗಳದ ನೀರನ್ನು ಮುಂದೊಂದು ಸಲ, ಹಿಂದೊಂದು ಸಲ ಇಟ್ಟು ನೋಡಿದರು. ನೀರು ಅಂಚಿನ ಸುತ್ತ ಒಂದೇ ಸಮ ನಿಂತಿತು. ಎಂಜಿನ್ ಓಡುತ್ತಲೇ ಇತ್ತು. ನಾನು ಲಿವರನ್ನು ಪುಸ್ತಕದಲ್ಲಿದ್ದಂತೆ ಆ ತುದಿಗೆ ಸರಿಸಿ ಈ ತುದಿಗೆ ತಂದೆ. ಮೇಸ್ತ್ರಿ ಕಡ್ಡಿ ಎಳೆದರು. ಒಣಗಿದ ಕಡ್ಡಿ. ತುದಿಯಲ್ಲಿ ಒಂದು ಹನಿ ಅಂಟಿಕೊಂಡಿದ್ದೇ ಹೆಚ್ಚು. ಅವರು ಅದನ್ನು ನನಗೆ ತೋರಿಸಿದರು, ಯಜಮಾನರಿಗೂ ತೋರಿಸಿದರು. ಯಜಮಾನರು ಕನ್ನಡಕ ಹಾಕಿಕೊಂಡು ನೋಡಿ ಅಯ್ಯೋ ಪಾಪ ಎಂದರು.

ಆಮೇಲೆ ಉದ್ದ ಪೈಪಿನ ಆಲಿಕೆ ಇಟ್ಟು ಲೋಟ ಲೋಟ ಎಣ್ಣೆ ಹುಯ್ಯುತ್ತಾ, ಪ್ರತಿ ಲೋಟಕ್ಕೂ ಕಡ್ಡಿ ಎಳೆದು ನೋಡುತ್ತಾ ಹೋದರು. ಅವಸರವೇ ಇಲ್ಲ. ಒಂದೂವರೆ ಲೀಟರಿನ ಮೇಲೆ ಎಣ್ಣೆ ಗೀಟಿಗೆ ಬಂತು. ಅಷ್ಟರಲ್ಲಿ ಯಜಮಾನರ ಮನೆಯವರೆಲ್ಲ ಬರಿಗಾಲಲ್ಲಿ ಸುತ್ತ ನೆರೆದಿದ್ದರು. ಗಾಡಿಯನ್ನು ಹೊರಗೆ ತಂದ ಮೇಲೆ ಮೇಸ್ತ್ರಿ ಅಡಿಗೆ ತೂರಿದರು. ಎಣ್ಣೆ ತಣ್ಣಗಾಗಲು ಹೋಗುವ ರಬ್ಬರ್ ಪೈಪಿನ ಬಾಯಲ್ಲಿ ಒಂದು ಸೀಳು ಬಿಟ್ಟು ಬೆವರಿನಂತೆ ಜಿನುಗುತ್ತಿತ್ತು. ಇದ್ದ ರೋಗವೆಲ್ಲ ಅಷ್ಟೇ. ಬೆರಳುದ್ದದ ಒಂದು ಪೈಪು ನನ್ನ ಕೆಲಸ ತಿನ್ನಲು ಹೊರಟಿತ್ತು. ಅದನ್ನೂ ಆ ದಿನವೇ ಬದಲಿಸಿದರು. ಆದರೆ ಚಪ್ಪಲಿ ಮೆಟ್ಟಿಕೊಳ್ಳಲಿಲ್ಲ, ಕೈಯಲ್ಲಿ ಹಿಡಿದುಕೊಂಡೇ ಮನೆಗೆ ಹೋದರು.

ಜೀರಹಳ್ಳಿ ಏರನ್ನು ಕಾರು ಮೂರು ದಿನ ಸಲೀಸಾಗಿ ಹತ್ತಿತು. ಆದರೂ ನನಗೆ ಧೈರ್ಯ ಬರಲಿಲ್ಲ. ಒಮ್ಮೆ ಹಿಂದಕ್ಕೆ ಜಾರಿದ ಮೇಲೆ ಮನಸ್ಸು ಬೇಗ ಮುಂದಕ್ಕೆ ಬರುವುದಿಲ್ಲ. ಮತ್ತೆ ಮಕ್ಕಳ ಮುಂದೆ ಹಾಗಾಗುವುದಕ್ಕಿಂತ ಮಾನವಾಗಿ ಬಿಡುವುದು ಮೇಲು ಎಂದುಕೊಂಡು, ಶುಕ್ರವಾರ ರಜೆ ಹಾಕಿ, ಮನು ಕೊಡಲು ಕೆಳಗಿನ ಆಫೀಸಿಗೆ ಹೊರಟೆ. ಮೇಸ್ತ್ರಿ ನಾನೂ ಬರುತ್ತೇನೆ ಎಂದು ಬಂದು ಕೂತರು. ದಿಂಬಂ ಘಾಟಿ ಇಳಿಯುವಾಗ ರೂಢಿಯಂತೆ ಲಿವರನ್ನು ನ್ಯೂಟ್ರಲ್ಲಿಗೆ ತಳ್ಳಿದೆ. ಬೆಟ್ಟದಲ್ಲಿ ಪೆಟ್ರೋಲ್ ಉಳಿಸಲು ಎಲ್ಲರೂ ಇಳಿಯುವುದು ಹಾಗೇ, ನನಗೆ ಕಲಿಸಿದ ಜೀಪಿನವರೂ ಹಾಗೇ ಕಲಿಸಿದ್ದರು. ಮೇಸ್ತ್ರಿ ಕೈಚಾಚಿ ನನ್ನ ಕೈಯನ್ನು ತಡೆದರು. ಏರುವಾಗ ಕೈಬಿಡಬೇಡ ಎಂದು ಗಾಡಿಯನ್ನು ಬೈಯುತ್ತೀರಿ, ಇಳಿಯುವಾಗ ನೀವೇ ಅದರ ಕೈಬಿಡುತ್ತೀರಲ್ಲ ಎಂದರು. ಅಂದಿನಿಂದ ಗೇರಿನಲ್ಲೇ ಇಳಿಯುತ್ತೇನೆ.

ಆಫೀಸಿನ ಗೇಟಿನ ಮುಂದೆ ನಿಲ್ಲಿಸಿ ಚೀಲ ಎತ್ತಿಕೊಂಡೆ. ಅವರು ಅಲ್ಲಾಡಲಿಲ್ಲ.

"ಇಳಿಯಾದು ಯಾರಾದ್ರೂ ಇಳೀತರ ಟೀಚರಮ್ಮ. ಒಂದ್ಸಲ ಅತ್ಬುಟ್ಟು ಆಮೇಲ ಕೊಡಿ. ಅತ್ನಿಲ್ಲ ಅಂದ್ರ ನಾನೇ ಬಸ್ಸಲ್ಲಿ ನಿಮ್ಮ ಕೈ ಇಡ್ಕಂಡು ಕರ್ಕಬತ್ತಿನಿ."

ಹಠಮಾರಿ ಮನುಷ್ಯ ಎಂದು ಬೈದುಕೊಂಡೇ ಗಾಡಿ ತಿರುಗಿಸಿದೆ. ಬಣ್ಣಾರಿ ದಾಟಿ ಘಾಟಿಯ ಬುಡದಲ್ಲಿ ನಿಲ್ಲಿಸಿ, ಅವರು ಎಣ್ಣೆ ಪೈಪನ್ನು ಬಿಳಿ ಬಟ್ಟೆಯಿಂದ ಒರೆಸೊರೆಸಿ ನೋಡಿ, ಜೇಬಿನಲ್ಲಿದ್ದ ಚೌಕಗಳನ್ನೆಲ್ಲ ಅಲ್ಲೇ ಖಾಲಿ ಮಾಡಿದರು. ಮೇಲೆ ಇಪ್ಪತ್ತೇಳು ತಿರುವು. ಮೊದಲ ಎಡತಿರುವಿನಲ್ಲಿ ನನ್ನ ಕೈ ಸ್ಟೀರಿಂಗಿಗೆ ಅಂಟಿಹೋಗಿತ್ತು. ಗಾಡಿ ಹತ್ತಿತು. ಎರಡನೆಯದೂ ಹತ್ತಿತು. ಪಕ್ಕದಲ್ಲಿ ಮೇಸ್ತ್ರಿ ಅಂಗಾಲು ಊರಿ, ಕಣ್ಣು ಮುಚ್ಚಿ, ಕಲ್ಲಿನಂತೆ ಕುಳಿತಿದ್ದರು. ಹತ್ತು ದಾಟಿತು, ಹದಿನೈದು ದಾಟಿತು. ಹದಿನೆಂಟನೆಯದರಲ್ಲಿ, ತಿರುವಿನ ನಡುಮಧ್ಯೆ, ಮುಂದಿನ ಕಬ್ಬಿನ ಲಾರಿ ಗಕ್ಕನೆ ನಿಂತುಬಿಟ್ಟಿತು. ನಾನೂ ನಿಂತೆ. ಮೂತಿ ಆಕಾಶಕ್ಕೆ, ಬೆನ್ನಿಗೆ ಬಸ್ಸು, ಪಕ್ಕದಲ್ಲಿ ಕಮರಿ. ಲಾರಿ ಕದಲಿದಾಗ ಮೇಸ್ತ್ರಿ ಕಣ್ಣು ತೆರೆಯಲಿಲ್ಲ. ಬ್ರೇಕಿನಿಂದ ಬಲಗಾಲು ತೆಗೆದು ಆಕ್ಸಿಲರೇಟರ್ ಮೇಲೆ ಇಟ್ಟೆ. ಒಂದು ಬೆರಳಷ್ಟೂ ಹಿಂದಕ್ಕೆ ಜಾರದೆ ನನ್ನ ಹದಿನೇಳು ವರ್ಷದ ಮುದಿಗಾಡಿ ಎಡಕ್ಕೆ ಹೊರಳಿ, ಉಸಿರು ಬಿಗಿಹಿಡಿದು, ಹತ್ತಿಯೇ ಹತ್ತಿತು. ನಾನು ಜೋರಾಗಿ ಕಿರುಚಿದೆ. ಮಿಕ್ಕ ಒಂಬತ್ತು ತಿರುವನ್ನು ನಗುತ್ತಲೇ ಹತ್ತಿದೆ.

ದಿಂಬಂನಲ್ಲಿ ರಸ್ತೆ ಬದಿ ಮಟ್ಟಸವಾದ ಒಂದು ಜಾಗ ಇತ್ತು. ಮೇಸ್ತ್ರಿ ಟೀ ಅಂಗಡಿಯಿಂದ ಒಂದು ತುಂಬಿದ ಲೋಟ ತಂದು ನೆಲದ ಮೇಲಿಟ್ಟು, ಟೀ ಯಾವ ಕಡೆಗೂ ವಾಲಿಲ್ಲ ಎಂದು ನೋಡಿ, ಕುಡಿದು, ಆಮೇಲೆ ಬಾನೆಟ್ ಎತ್ತಿದರು. ಎಂಜಿನ್ ಓಡುತ್ತಿತ್ತು. ನಾನು ಲಿವರ್ ಸರಿಸಿ ತಂದೆ. ಅವರು ಕಡ್ಡಿ ಎಳೆದು ಜೇಬಿಗೆ ಕೈಹಾಕಿದರೆ ಬಟ್ಟೆಯಿಲ್ಲ. ಬಿಳಿದು ಏನಾದರೂ ಇದೆಯೇ ಎಂದು ಕೇಳಿದರು.

ಚೀಲ ತೆರೆದೆ. ಬಿಳಿದು ಒಂದೇ ಇತ್ತು. ತೆಗೆದುಕೊಟ್ಟೆ.

ಅವರಿಗೆ ತಮಿಳು ಓದಲು ಬರುತ್ತಿತ್ತು. ಮೊದಲ ಸಾಲಿನ ಮೇಲೆ ಕಣ್ಣಾಡಿಸಿ ಮುಖ ಎತ್ತಿದರು. "ಇದು ನಿ‌ಮ್ಗ ಬೇಕಾಯ್ತದ ಟೀಚರಮ್ಮ."

"ಒರ್ಸಿ ಮೇಸ್ತ್ರಿ" ಎಂದೆ.

ಹಾಳೆಯನ್ನು ತಿರುವಿ, ಖಾಲಿ ಬೆನ್ನಿನ ಮೇಲೆ ಕಡ್ಡಿಯನ್ನು ಉದ್ದಕ್ಕೆ ಒರೆಸಿದರು. ಬಿಸಿಲಿಗೆ ಹಿಡಿದರು. ಹೊಸ ಕುಂಕುಮದಂಥ ಒಂದು ಕೆಂಪು ಗೀಟು. ಮೂಸಿ ನೋಡಿ ಹಾಳೆಯನ್ನು ನನ್ನ ಕೈಗೆ ಕೊಟ್ಟರು. ಬಾನೆಟ್ ಇಳಿಸಿ, ಕಾರಿನೊಳಗಿಂದ ಚಪ್ಪಲಿ ತೆಗೆದು ನೆಲಕ್ಕೆ ಹಾಕಿ, ಎರಡನ್ನೂ ಮೆಟ್ಟಿಕೊಂಡರು. ಆಮೇಲೆ ಸೀಟಿಗೆ ಒರಗಿದವರು ಹಾಸನೂರು ದಾಟಿ ತಾಳವಾಡಿ ಮುಟ್ಟುವವರೆಗೂ ಗೊರಕೆ ಹೊಡೆದರು.

ಸೋಮವಾರ ಎಲ್ಲರಿಗಿಂತ ಮೊದಲೇ ಶಾಲೆಗೆ ಹೋದೆ. ಹೆಡ್‌ಮಾಸ್ಟರು ಬಂದು, ಏನು ತೀರ್ಮಾನ ಮಾಡಿದಿರಿ, ಮನು ಕೊಟ್ಟಿರಾ ಎಂದು ಮೆಲ್ಲಗೆ ಕೇಳಿದರು. ನಾನು ಹಾಳೆಯನ್ನು ತೆಗೆದು, ಬೆನ್ನು ಮೇಲೆ ಮಾಡಿ, ಅವರ ಮೇಜಿನ ಮೇಲಿಟ್ಟೆ. ಅವರು ಆ ಎಣ್ಣೆಯ ಗೀಟನ್ನು ನೋಡಿ ಇದೇನಮ್ಮ ಎಂದರು. ಅದೇ ನನ್ನ ತೀರ್ಮಾನ ಸಾರ್ ಎಂದು ಹೇಳಿ, ಪ್ರಾರ್ಥನೆಯ ಗಂಟೆ ಹೊಡೆಯಲು ಹೋದೆ.